ಮೊಮ್ಮಕ್ಕಳ ಅಪರಾಧವಲ್ಲ

1954ರಲ್ಲಿ ಟೆಕ್ಸಾಸ್ ಸಂಸ್ಥಾನದ ಮಾರ್ಫಾ ಎಂಬ ಊರಿನಲ್ಲಿ, ಮೆಕ್ಸಿಕನ್ ಮನೆತನಗಳ ಮಕ್ಕಳಿಗೆಂದೇ ಪ್ರತ್ಯೇಕವಾಗಿ ನಡೆಯುತ್ತಿದ್ದ ಬ್ಲ್ಯಾಕ್‌ವೆಲ್ ಶಾಲೆಯಲ್ಲಿ, ವಿಚಿತ್ರವಾದೊಂದು ಅಂತ್ಯಕ್ರಿಯೆ ಜರುಗಿತು. ಮಕ್ಕಳಿಂದ ಚೀಟಿಗಳ ಮೇಲೆ ಸ್ಪ್ಯಾನಿಷ್ ಮಾತುಗಳನ್ನು ಬರೆಯಿಸಿ, ಅವನ್ನು ಒಂದು ಪೆಟ್ಟಿಗೆಯಲ್ಲಿ ತುಂಬಿಸಿ, ‘ಶ್ರೀಮಾನ್ ಸ್ಪ್ಯಾನಿಷ್’ ಎಂಬವನ ಶವವೆಂಬಂತೆ ಹೂಳಿಸಲಾಯಿತು. ತಾಯಿಯ ತೊಡೆಯ ಮೇಲೆ ಕಲಿತ ನುಡಿಯನ್ನು ಎಳೆಯರು ತಮ್ಮ ಕೈಯಿಂದಲೇ ಮಣ್ಣುಮಾಡುವಂತೆ ವಿಧಿಸಿದ ಆ ಶಿಕ್ಷಣಕ್ರಮವನ್ನು ಕ್ರೌರ್ಯವೆನ್ನದೆ ಬೇರೆ ಹೆಸರಿನಿಂದ ಕರೆಯಲು ನನ್ನ ಮನಸ್ಸು ಒಡಂಬಡದು.

ಆ ನುಡಿ ಆ ನೆಲಕ್ಕೆ ಹೊಸದಾಗಿರಲಿಲ್ಲ. 1848ರ ಗ್ವಾಡಲೂಪೆ ಹಿಡಾಲ್ಗೊ ಒಪ್ಪಂದದಿಂದ ಅಮೆರಿಕ-ಮೆಕ್ಸಿಕೋ ಗಡಿರೇಖೆಯೇ ದಕ್ಷಿಣಕ್ಕೆ ಸರಿದಾಗ, ಹೊಸ್ತಿಲು ದಾಟದೆಯೇ ಪರರಾಜ್ಯದ ಪ್ರಜೆಗಳಾದ ಕುಟುಂಬಗಳು ಸಹಸ್ರಾರು. 1942ರಿಂದ 1964ರವರೆಗೆ ಬ್ರಸೆರೊ ಯೋಜನೆಯಡಿ ಹೊಲಗಳ ದುಡಿಮೆಗೆಂದು ಅಮೆರಿಕದ ಸರ್ಕಾರವೇ ಮೆಕ್ಸಿಕೋದಿಂದ ಕರೆಸಿಕೊಂಡವರು ಲಕ್ಷಾಂತರ.

ಶಾಲೆಯಲ್ಲಿ ಸ್ಪ್ಯಾನಿಷ್ ಆಡಿ ಹಲಗೆಯ ಏಟು ತಿಂದವರು ತಾವು ತಂದೆತಾಯಿಗಳಾದಾಗ, ಮಕ್ಕಳ ಮೈಮೇಲೆ ಆ ಬರೆ ಮೂಡದಿರಲೆಂಬ ವಾತ್ಸಲ್ಯದಿಂದ ಮನೆಯೊಳಗೂ ಇಂಗ್ಲಿಷನ್ನೇ ಆಡಿದುದುಂಟು. ಅಂಥವರ ಮೊಮ್ಮಕ್ಕಳು ಇಂದು ಮೆಕ್ಸಿಕೋದ ಬಂಧುಗಳ ಮುಂದೆ ತೊದಲಿ ನಗೆಪಾಟಲಾಗುತ್ತಾರೆ. ಹುಟ್ಟಿದ ಊರಿನಲ್ಲಿಯೋ, ಮುಖ ನೋಡಿದವರೆಲ್ಲ ಅವರ ಮೂಲವನ್ನು ಕೇಳುತ್ತಾರೆ. ತಮ್ಮತನವನ್ನು ಮಾರಿಕೊಂಡವರೆಂದು ಇವರನ್ನು ಹಳಿಯುವುದು ನನ್ನ ದೃಷ್ಟಿಯಲ್ಲಿ ಎರಡನೆಯ ಅನ್ಯಾಯ. 1971ರಲ್ಲಿ ಟೆಕ್ಸಾಸಿನಲ್ಲಿ ಜನಿಸಿದ ಗಾಯಕಿ ಸೆಲೀನಾ ಕಿಂಟನಿಯಾ ಇಂಗ್ಲಿಷಿನಲ್ಲಿಯೇ ಬೆಳೆದು, ಸ್ಪ್ಯಾನಿಷ್ ಹಾಡುಗಳನ್ನು ಅರ್ಥವರಿಯುವ ಮುನ್ನವೇ ಉಚ್ಚಾರಣೆಯಿಂದ ಕಂಠಸ್ಥಮಾಡಿಕೊಂಡು ಹಾಡಿದಳು. ಭಾಷೆ ಆಮೇಲೆ ಒಲಿಯಿತು. ಗಡಿಯ ಎರಡು ಕಡೆಯೂ ಜನ ಅವಳನ್ನು ತಮ್ಮ ಮನೆಯ ಮಗಳೆಂದೇ ಎದೆಗೊತ್ತಿಕೊಂಡರು. ಆ ಔದಾರ್ಯ, ಕೀರ್ತಿಯಿಲ್ಲದ ಸಾಮಾನ್ಯ ಹುಡುಗಿಗೂ ಏಕೆ ಸಲ್ಲಬಾರದು?

ಬ್ಲ್ಯಾಕ್‌ವೆಲ್ ಶಾಲೆಯನ್ನು ರಾಷ್ಟ್ರೀಯ ಐತಿಹಾಸಿಕ ಸ್ಥಳವನ್ನಾಗಿಸುವ ಶಾಸನಕ್ಕೆ 2022ರಲ್ಲಿ ಅಂಕಿತ ಬಿದ್ದುದು ಸಂತೋಷದ ಸಂಗತಿ. ಆದರೆ ಸ್ಮಾರಕ ಪಾಠ ಹೇಳದು. 1998ರಲ್ಲಿ ದ್ವಿಭಾಷಾ ಬೋಧನೆಯನ್ನು ಬಹುಮಟ್ಟಿಗೆ ನಿಲ್ಲಿಸಿದ್ದ ಕ್ಯಾಲಿಫೋರ್ನಿಯದ ಮತದಾರರು 2016ರಲ್ಲಿ ತಾವೇ ಆ ನಿರ್ಬಂಧವನ್ನು ತೆಗೆದುಹಾಕಿದರು. ದಾರಿ ಅದೇ. ಯಾವ ಶಾಲೆಗಳು ಈ ನುಡಿಯನ್ನು ಮಕ್ಕಳ ಬಾಯಿಂದ ಕಸಿದುಕೊಂಡವೋ ಆ ಶಾಲೆಗಳೇ ಸರ್ಕಾರದ ಹಣದಿಂದ, ನುರಿತ ಉಪಾಧ್ಯಾಯರಿಂದ, ಮೊದಲನೆಯ ತರಗತಿಯಿಂದಲೇ ಅದನ್ನು ಇಂಗ್ಲಿಷಿನ ಜೊತೆಜೊತೆಗೆ ಕಲಿಸಬೇಕು.