ಮನೆಗೆ ಬಂದ ಮರಿ



ಶಾಲೆಗೆ ರಜೆ ಬಂತೆಂದರೆ ಮಕ್ಕಳು ನಾಯಿಮರಿ ಬೇಕೆಂದು ಹಟ ಹಿಡಿಯುವುದು ಅನೇಕ ಮನೆಗಳ ಅನುಭವ. ಈ ಹಟವನ್ನು ನಮ್ಮ ಮನೆಯಲ್ಲಿ ಎರಡು ತಲೆಮಾರುಗಳಲ್ಲಿ ಕಂಡಿದ್ದೇನೆ. ಮೊದಲ ಸಲ ನಾವು ತಪ್ಪು ಮಾಡಿದೆವು. ಅದನ್ನು ಒಪ್ಪಿಕೊಂಡೇ ಮುಂದಿನ ಮಾತು ಹೇಳುವುದು ಉಚಿತ.

ಸುಮಾರು 25 ವರ್ಷಗಳ ಹಿಂದೆ ನನ್ನ ಮಗ ಮಳೆಯಲ್ಲಿ ತೊಯ್ದ ಬೀದಿಮರಿಯೊಂದನ್ನು ಅಂಗಿಯೊಳಗೆ ಅವಿಸಿಕೊಂಡು ತಂದ. ಅತ್ತೆಯವರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಮೂರನೆಯ ದಿನ ಅವರು ಲಿಂಗಪೂಜೆಗೆ ಕುಳಿತಿದ್ದಾಗ ಮರಿ ಒಳನುಗ್ಗಿ ವಿಭೂತಿಗಟ್ಟಿಯನ್ನು ಕಚ್ಚಿಕೊಂಡು ಓಡಿತು. ಮರುದಿನ ಯಜಮಾನರು ಅದನ್ನು ಕೈಚೀಲದಲ್ಲಿ ಹಾಕಿಕೊಂಡು ಹೋಗಿ ಸಂತೆಯ ಬಯಲಿನಲ್ಲಿ ಬಿಟ್ಟು ಬಂದರು. ಮಗ ಎರಡು ದಿನ ಊಟ ಮಾಡಲಿಲ್ಲ. ನಾನು ಬಾಯಿ ತೆರೆಯಲಿಲ್ಲ. ಅತ್ತೆಯವರು ಆಮೇಲೆ ಕೆಲವು ದಿನ ರೊಟ್ಟಿಯ ಚೂರು ಹಿಡಿದು ಹಿತ್ತಲ ಬಾಗಿಲಲ್ಲಿ ನಿಲ್ಲುತ್ತಿದ್ದರು. ಯಾತಕ್ಕೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಈಗ ಮೊಮ್ಮಗಳು ಮರಿ ಕೇಳಿದಾಗ, ಬೇಡವೆನ್ನುವ ಸ್ಥಾನದಲ್ಲಿ ನಾನೇ ಇದ್ದೆ. ಪೂಜೆಯ ಕೋಣೆಯ ಚಿಂತೆ ಈಗ ನನ್ನದು. ಅಜ್ಜಿ ಒಪ್ಪುವ ತನಕ ಮರಿ ಬರಕೂಡದೆಂದು ಸೊಸೆ ಮೊದಲೇ ಹೇಳಿಬಿಟ್ಟಿದ್ದಳು. ಒಂದು ಸಂಜೆ ಎಲ್ಲರೂ ಕೂಡಿ ಕುಳಿತೆವು. ಅದು ಎಲ್ಲಿ ಮಲಗಬೇಕು, ಯಾರು ಉಣಿಸಬೇಕು, ಯಾರು ಹೊಲಸು ಬಳಿಯಬೇಕು, ಜಾತ್ರೆಗೋ ಮದುವೆಗೋ ಹೋದಾಗ ಯಾರ ಸುಪರ್ದಿಗೆ ಬಿಡಬೇಕು ಎಂಬುದೆಲ್ಲ ನಿಶ್ಚಯವಾಯಿತು. ಹಾವಿನಹಾಳ ಕಲ್ಲಯ್ಯನವರ ನಾಯಿ ವೇದ ಓದಿತೆಂಬ ಐತಿಹ್ಯವನ್ನು ಹುಡುಗಿ ಎಲ್ಲಿಯೋ ಕೇಳಿ ಬಂದಿದ್ದಳು. “ಅಜ್ಜಿ, ಶರಣರ ಮನ್ಯಾಗ ನಾಯಿ ಇತ್ತಲ್ಲ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಯಾವ ಮರಿ ಎಂಬ ಪ್ರಶ್ನೆ ಬಂದಾಗ ಮಗ ಮುಧೋಳ ನಾಯಿಯ ಮಾತೆತ್ತಿದ. ನಮ್ಮ ನಾಡಿನ ಹೆಮ್ಮೆಯ ತಳಿ ಅದು. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿಯನ್ನು ಹೊರತಂದಿತು. ಆದರೆ ಅದು ಬೇಟೆಯ ನಾಯಿ. ಓಡಲು ಬಯಲು ಬೇಕು. ಹೊಲ ತೋಟ ಉಳ್ಳವರು ಸಾಕಲಿ. ಶೀತದೇಶದ ದಪ್ಪ ತುಪ್ಪಳದ ನಾಯಿಯನ್ನು ತಂದು ನಮ್ಮ ಬೇಸಗೆಯಲ್ಲಿ ಏದುಸಿರು ಬಿಡಿಸುವುದಂತೂ ನನಗೆ ಎಳ್ಳಷ್ಟೂ ಹಿಡಿಸದು. ನಾವು ತಂದದ್ದು ಓಣಿಯಲ್ಲೇ ಹುಟ್ಟಿದ ಮರಿ. ಅದಕ್ಕೆ 8 ವಾರ ತುಂಬುವ ತನಕ ಕಾದೆವು. ಅದಕ್ಕಿಂತ ಮೊದಲೇ ತಾಯಿಯಿಂದ ಅಗಲಿಸಿದ ಮರಿ ಅಂಜುಬುರುಕವಾಗಬಹುದು. ಎಷ್ಟು ಕಚ್ಚಿದರೆ ನೋಯುತ್ತದೆಂಬುದನ್ನೂ ಅದು ಒಡಹುಟ್ಟಿದ ಮರಿಗಳೊಡನೆ ಆಡುವಾಗಲೇ ಕಲಿಯುವುದು.

ಮೊದಲ ರಾತ್ರಿಗಳು ಕಠಿಣ. ತಾಯಿಯ ಮಗ್ಗುಲಲ್ಲಿ ಮಲಗಿದ ಜೀವ ಒಮ್ಮೆಲೇ ಒಂಟಿಯಾಗಿರುತ್ತದೆ. ಹಿತ್ತಲಲ್ಲಿ ಕಟ್ಟಿ ಬಾಗಿಲಿಕ್ಕಿಕೊಂಡರೆ ತಾನೇ ಸುಮ್ಮನಾಗುತ್ತದೆಂಬ ಹಳೆಯ ಮಾತನ್ನು ನಂಬಬೇಡಿ. ಅದು ಸುಮ್ಮನಾದರೂ ಭಯ ಉಳಿಯುತ್ತದೆ. ತಾಯಿ ಮಲಗುತ್ತಿದ್ದ ಗೋಣಿತಟ್ಟನ್ನೇ ತಂದು ಹಾಸಿ, ನಡುಮನೆಯಲ್ಲಿ ಮಲಗುವವರ ಹತ್ತಿರವೇ ಅದಕ್ಕೊಂದು ರಟ್ಟಿನ ಡಬ್ಬಿ ಇಟ್ಟೆವು. ರಾತ್ರಿ ಎರಡು ಸಲ ಅದನ್ನು ಅಂಗಳಕ್ಕೆ ಕರೆದೊಯ್ಯಬೇಕಾಗುತ್ತಿತ್ತು. ಆ ಕೆಲಸವನ್ನು ಯಾರೂ ಹೇಳದೆಯೇ ನನ್ನ ಮಗ ವಹಿಸಿಕೊಂಡ. ಹಳೆಯ ಮಾತನ್ನು ಅವನು ಎತ್ತಲಿಲ್ಲ.

ನಿದ್ದೆಯಿಂದ ಎದ್ದೊಡನೆ, ಉಂಡೊಡನೆ, ಆಟ ಮುಗಿದೊಡನೆ ಅದೇ ಸ್ಥಳಕ್ಕೆ ಒಯ್ದರೆ, ಅಲ್ಲಿ ವಿಸರ್ಜಿಸಿದಾಗ ಮೆಚ್ಚಿ ಮಾತಾಡಿಸಿದರೆ, ಮರಿ ಕ್ರಮೇಣ ಕಲಿಯುತ್ತದೆ. ಒಳಗೆ ಮಾಡಿತೆಂದು ಹೊಡೆಯುವುದರಿಂದ, ಮೂಗು ತಿಕ್ಕುವುದರಿಂದ ಅದು ಕಲಿಯುವುದು ನಮ್ಮ ಕಣ್ಣು ತಪ್ಪಿಸಿ ಮಾಡುವುದನ್ನು ಮಾತ್ರ.

ಆಹಾರದ ವಿಷಯದಲ್ಲಿ ನಮ್ಮಂಥ ಶಾಕಾಹಾರಿ ಮನೆಗಳು ವಿಶೇಷ ಎಚ್ಚರ ವಹಿಸಬೇಕು. ನಾಯಿ ಧಾನ್ಯವನ್ನು ಅರಗಿಸಿಕೊಳ್ಳಬಲ್ಲದು, ನಿಜ. ಆದರೆ ಬರಿಯ ಹಾಲನ್ನದಿಂದ ಮರಿಯ ಎಲುಬು, ಸ್ನಾಯು ಬೆಳೆಯವು. ಹಾಲು ಹೆಚ್ಚಾದರೆ ಭೇದಿ ಬೇರೆ. ಮೆತ್ತಗೆ ಬೆಂದ ಬೇಳೆ, ಮೊಸರು, ಪನೀರು ಸೇರಿರಬೇಕು. ಇಷ್ಟಾದರೂ ಸಾಕೇ ಎಂಬುದನ್ನು ಪಶುವೈದ್ಯರಲ್ಲಿ ಕೇಳಿ, ಅವರು ಹೇಳಿದ ಪೂರಕಗಳನ್ನು ಕೊಡಬೇಕು. ಎರಡು ತಿಂಗಳ ಮರಿಗೆ ದಿನಕ್ಕೆ 4 ಸಲ, ಸ್ವಲ್ಪ ಸ್ವಲ್ಪವೇ ಉಣಿಸಬೇಕು. ಉಳ್ಳಾಗಡ್ಡಿ, ಬೆಳ್ಳುಳ್ಳಿ ಬಿದ್ದ ಸಾರು ಅದಕ್ಕೆ ಸಲ್ಲದು. ಅವು ನಾಯಿಯ ರಕ್ತವನ್ನು ಕೆಡಿಸುತ್ತವೆ. ದ್ರಾಕ್ಷಿ, ಒಣದ್ರಾಕ್ಷಿಗಳು ಮೂತ್ರಪಿಂಡಕ್ಕೆ ಅಪಾಯ. ಪ್ರಸಾದವೆಂಬ ಭಕ್ತಿಯಿಂದ ದ್ರಾಕ್ಷಿ ಹಾಕಿದ ಸಜ್ಜಕವನ್ನು ನಾನೇ ಅದರ ಮುಂದೆ ಇಡಲು ಹೋಗಿದ್ದೆ. ಸೊಸೆ ಕೈ ಹಿಡಿದಳು.

ಚುಚ್ಚುಮದ್ದನ್ನು ಮುಂದೂಡಬೇಡಿ. ಡಿಸ್ಟೆಂಪರ್, ಪಾರ್ವೋ ರೋಗಗಳ ಲಸಿಕೆ 6ರಿಂದ 8ನೆಯ ವಾರದಲ್ಲಿ ಆರಂಭವಾಗಿ, ಮೂರು ನಾಲ್ಕು ವಾರಗಳ ಅಂತರದಲ್ಲಿ ಮತ್ತೆ ಬೀಳಬೇಕು. ಹುಚ್ಚುನಾಯಿ ರೋಗದ ಲಸಿಕೆ ಸುಮಾರು 3 ತಿಂಗಳಿಗೆ. ಆಮೇಲೆ ವೈದ್ಯರು ಹೇಳಿದಂತೆ ತಪ್ಪದೆ. ಜಂತಿನ ಔಷಧವೂ ಆಗಬೇಕು. ಮರಿಯ ಹಲ್ಲಿನಿಂದ ಏನಾಗುತ್ತದೆ ಎಂಬ ಉದಾಸೀನ ಕೂಡದು, ಮರಿಗೂ ಆ ರೋಗ ಇರಬಲ್ಲದು. ಕಚ್ಚಲಿ, ಪರಚಲಿ, ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು. ಅರಿಷಿಣ, ಸುಣ್ಣ ಮೆತ್ತಿ ಕೂಡುವವರನ್ನು ಇಂದಿಗೂ ನೋಡುತ್ತೇನೆ.

ಇನ್ನು ಪೂಜೆಯ ಕೋಣೆ. ಬಾಗಿಲಿಗೆ ಮೊಣಕಾಲೆತ್ತರದ ಹಲಗೆಯೊಂದನ್ನು ಬಡಗಿಯಿಂದ ಮಾಡಿಸಿದೆವು. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕುಳಿತಾಗ ಹಲಗೆಯಾಚೆ ಅದರ ಉಸಿರು ಕೇಳಿಸುತ್ತದೆ. ಮೊದಮೊದಲು ಮನಸ್ಸು ಚದುರುತ್ತಿತ್ತು, ಈಗ ಅಷ್ಟಿಲ್ಲ. ವಿಭೂತಿಗಟ್ಟಿಯನ್ನು ಮಾತ್ರ ಎತ್ತರದ ಗೂಡಿನಲ್ಲಿಯೇ ಇಡುತ್ತೇನೆ.