ಕಸದ ನೀರಿನ ಲೆಕ್ಕ ಕೊಡಿ

2012ರಲ್ಲಿ ಮಾವಳ್ಳಿಪುರದವರು ಬೆಂಗಳೂರಿನ ಕಸದ ಲಾರಿಗಳನ್ನು ತಡೆದರು. 2014ರಲ್ಲಿ ಮಂಡೂರಿನವರು ಬೀದಿಗಿಳಿದರು; ವರ್ಷ ಮುಗಿಯುವಷ್ಟರಲ್ಲಿ ಅಲ್ಲಿಗೂ ಲಾರಿ ಬರುವುದು ನಿಂತಿತು. ಕಸ ಬೇರೆ ಊರಿನ ದಾರಿ ಹಿಡಿಯಿತು. ಆದರೆ ಲಾರಿ ನಿಂತ ಮಾತ್ರಕ್ಕೆ ಕಸದ ಗುಡ್ಡದಿಂದ ಇಳಿಯುವ ನೀರು ನಿಲ್ಲುವುದಿಲ್ಲ. ಆ ನೀರಿನ ಲೆಕ್ಕ ಕೇಳಲು ಹಳ್ಳಿಯವರೂ ನಗರದವರೂ ಕೂಡಿ ಈ ಚಳವಳಿ ಕಟ್ಟುತ್ತಿದ್ದೇವೆ.

ನಾವು ಬಲ್ಲದ್ದು

ಮಳೆನೀರು ಕಸದ ರಾಶಿಯೊಳಗೆ ಇಳಿದು, ಕೊಳೆತ ರಸದೊಂದಿಗೆ ಬೆರೆತು, ತಳದಲ್ಲಿ ಕಪ್ಪಗೆ ನೊರೆಗಟ್ಟಿ ಹೊರಬೀಳುತ್ತದೆ. ಇದೇ ಲೀಚೇಟ್. ಹಸಿ ಕಸ ಕೊಳೆಯುವ ಮೊದಲ ಹಂತದಲ್ಲಿ ಹುಳಿಯಾಗುತ್ತದೆ. ಹುಣಸೆಹಣ್ಣು ತಾಮ್ರದ ಬಿಂದಿಗೆಯ ಕಿಲುಬು ಬಿಡಿಸುವಂತೆ, ಆ ಹುಳಿ ಪಕ್ಕದಲ್ಲೇ ಬಿದ್ದ ಬ್ಯಾಟರಿ, ಬಣ್ಣದ ಡಬ್ಬಿ, ಒಡೆದ ಟಿವಿಗಳಿಂದ ಲೋಹ ಬಿಡಿಸುತ್ತದೆ. ವರ್ಷಗಳು ಕಳೆದಂತೆ ಹುಳಿ ತಗ್ಗಿ, ಲೋಹದ ಬಹುಪಾಲು ರಾಶಿಯೊಳಗೇ ಉಳಿದುಬಿಡುತ್ತದೆ. ಸಿಪ್ಪೆ ಕೊಳೆತು ಮಣ್ಣಾಗುತ್ತದೆ, ಸೀಸ ಕೊಳೆಯುವುದಿಲ್ಲ.

ಭಾರತೀಯ ಮಾನದಂಡದ ಪ್ರಕಾರ ಒಂದು ಲೀಟರ್ ಕುಡಿಯುವ ನೀರಿನಲ್ಲಿ ಸೀಸ 0.01 ಮಿಲಿಗ್ರಾಂ, ಕ್ಯಾಡ್ಮಿಯಂ 0.003 ಮಿಲಿಗ್ರಾಂ ಮೀರಬಾರದು. 2016ರ ಘನತ್ಯಾಜ್ಯ ನಿಯಮಗಳು ಸಂಸ್ಕರಿಸಿದ ಲೀಚೇಟನ್ನು ಕೆರೆ-ಹಳ್ಳಗಳಿಗೆ ಬಿಡಲು ಸೀಸಕ್ಕೆ 0.1, ಕ್ಯಾಡ್ಮಿಯಂಗೆ 2 ಮಿಲಿಗ್ರಾಂ ಮಿತಿ ಇಟ್ಟವು. ಅಂದರೆ ಕುಡಿಯುವ ನೀರಿನ ಮಿತಿಗಿಂತ ಕ್ಯಾಡ್ಮಿಯಂ 600 ಪಟ್ಟು ಹೆಚ್ಚಿದ್ದರೂ ನಿಯಮ ಪಾಲಿಸಿದಂತೆಯೇ! ಹಳ್ಳದ ಕೆಳಗಿನ ದನಕರುಗಳೂ ಸೊಪ್ಪಿನ ಮಡಿಗಳೂ ಆ ಲೆಕ್ಕದಲ್ಲಿ ಇರಲಿಲ್ಲ.

ಸೀಸ ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂದಿಸುತ್ತದೆ. ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ದಶಕಗಟ್ಟಲೆ ಕೂರುತ್ತದೆ. ಬಾವಿ ನೀರಿನ ಬಣ್ಣ, ವಾಸನೆ, ರುಚಿ ಯಾವುದೂ ಈ ಲೋಹಗಳ ಸುಳಿವು ಕೊಡುವುದಿಲ್ಲ. ಕುದಿಸಿದರೂ ಲೋಹ ಹೋಗದು. ಪರೀಕ್ಷೆಯೊಂದೇ ದಾರಿ.

ನಮ್ಮ ಹಕ್ಕೊತ್ತಾಯ

1. ಬಳಕೆಯಲ್ಲಿರುವ, ಮುಚ್ಚಿರುವ ಎಲ್ಲ ಕಸದ ಗುಡ್ಡಗಳ ಸುತ್ತಲಿನ ಕೊಳವೆಬಾವಿಗಳನ್ನು ಮಳೆಗಾಲಕ್ಕೆ ಮುನ್ನ ಒಮ್ಮೆ, ನಂತರ ಒಮ್ಮೆ ಪರೀಕ್ಷಿಸಬೇಕು. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ನಿಕಲ್, ಪಾದರಸ, ಆರ್ಸೆನಿಕ್: ಒಂದೊಂದರ ಅಂಕಿಯನ್ನೂ ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳಬೇಕು.

2. ಮಿತಿ ಮೀರಿದ ಬಾವಿಯನ್ನು ನೆಚ್ಚಿದ ಮನೆಗಳಿಗೆ ತಡಮಾಡದೆ ಬದಲಿ ನೀರು ಕೊಡಬೇಕು. ಖರ್ಚನ್ನು ಕಸ ಕಳಿಸಿದ ನಗರ ಭರಿಸಬೇಕು.

3. ಹಳೆಯ ಗುಡ್ಡ ಅಗೆದು ಜರಡಿ ಹಿಡಿದ ಮಣ್ಣು ಲೋಹ ಪರೀಕ್ಷೆಯಾಗದೆ ಯಾವ ಹೊಲಕ್ಕೂ ಹೋಗಕೂಡದು.

4. ಲೀಚೇಟ್ ಬಿಡುವ ಮಿತಿಯನ್ನು ಕೆಳಗಿನ ಊರು ಆ ನೀರನ್ನು ಹೇಗೆ ಬಳಸುತ್ತದೆ ಎಂಬುದನ್ನು ನೋಡಿ ನಿಗದಿ ಮಾಡಬೇಕು.

5. ಬ್ಯಾಟರಿ, ಇ-ತ್ಯಾಜ್ಯದ ಹೊಣೆಯನ್ನು 2022ರ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ಆ ಹೊಣೆ ಕಾಗದದಿಂದಿಳಿದು ಪ್ರತಿ ಬಡಾವಣೆಯ ಅಂಗಡಿಗೆ ಬರಬೇಕು.

ನಮ್ಮ ಪಣ

ರಿಮೋಟಿನ ಪೆನ್ಸಿಲ್ ಸೆಲ್ಲು, ಕೆಟ್ಟ ಟ್ಯೂಬ್‌ಲೈಟು, ಚಾರ್ಜರು ನಮ್ಮ ಮನೆಗಳ ಹಸಿ ಕಸದ ಜೊತೆ ಬೆರೆಯುವುದಿಲ್ಲ. ಬೇರ್ಪಡಿಸಿಕೊಟ್ಟ ಕಸವನ್ನು ಮತ್ತೆ ಒಂದೇ ಲಾರಿಗೆ ಸುರಿದರೆ ಅಲ್ಲೇ ತಡೆದು ಕೇಳುತ್ತೇವೆ. ನಮ್ಮ ಕಸ ಹೋಗುವ ಊರಿನ ಗ್ರಾಮಸಭೆಯಲ್ಲಿ ಊರವರ ಜೊತೆ ಕೂರುತ್ತೇವೆ. ಒಂದು ಊರಿನ ಗುಡ್ಡ ಇನ್ನೊಂದು ಊರಿಗೆ ಸಾಗುವುದನ್ನು ಗೆಲುವೆಂದು ಒಪ್ಪುವುದಿಲ್ಲ. ಕಸದ ಗುಡ್ಡದ ನೆರಳಿನಲ್ಲಿರುವ ಕಟ್ಟಕಡೆಯ ಬಾವಿಯ ನೀರೂ ಕುಡಿಯಲು ಯೋಗ್ಯವೆಂದು ಸಾಬೀತಾಗುವವರೆಗೆ ನಮ್ಮ ಹೋರಾಟ ನಿಲ್ಲದು.