ದ್ರಾಕ್ಷಿ ನಮ್ಮದು, ದರ ತಾಸಗಾಂವದ್ದು

ಫೆಬ್ರುವರಿ-ಮಾರ್ಚಿನಲ್ಲಿ ವಿಜಯಪುರ ಜಿಲ್ಲೆಯ ತಿಕೋಟಾದ ಕಡೆ ಹೋದವರಿಗೆ ಒಣದ್ರಾಕ್ಷಿ ಶೆಡ್ಡುಗಳ ಪರಿಚಯ ಹೇಳಬೇಕಿಲ್ಲ. ಒಂದರ ಮೇಲೊಂದು ಬಿಗಿದ ಜಾಳಿಗೆಗಳ ಮೇಲೆ ಹಸಿರು ದ್ರಾಕ್ಷಿ ಹದಿನೈದು ದಿನ ಗಾಳಿಗೆ ಒಣಗುತ್ತದೆ. ನಾಲ್ಕು ಕಿಲೋ ದ್ರಾಕ್ಷಿಗೆ ಒಂದು ಕಿಲೋ ಮನೂಕ. ಬರ ಬಿದ್ದ ವರ್ಷಗಳಲ್ಲಿ ಟ್ಯಾಂಕರ್ ನೀರು ಕೊಂಡು ಆ ಬಳ್ಳಿಗಳ ಜೀವ ಉಳಿಸಿದವರು ಇಲ್ಲಿನ ರೈತರೇ. ಇಷ್ಟೆಲ್ಲ ಬೆವರು ಸುರಿದ ಮೇಲೆ ಬಹಳಷ್ಟು ಮಾಲು ಲಾರಿ ಹತ್ತಿ ಮಹಾರಾಷ್ಟ್ರದ ತಾಸಗಾಂವ, ಸಾಂಗಲಿಯ ಹರಾಜಿಗೆ ಹೋಗುತ್ತದೆ. ದರ ಅಲ್ಲಿ ಕಟ್ಟುತ್ತಾರೆ, ನಾವು ಫೋನ್ ಹಿಡಿದು ಕಾಯುತ್ತೇವೆ. ತಿಂಗಳುಗಳ ಬಳಿಕ ಒಣದ್ರಾಕ್ಷಿ ಯಾವುದೋ ಊರಿನ ಕಂಪನಿಯ ಹೆಸರು ಹೊತ್ತು, ಮಿರಿಮಿರಿ ಮಿಂಚುವ ಪಾಕೀಟಿನಲ್ಲಿ ವಿಜಯಪುರಕ್ಕೆ ಬಂದು ಕೂರುತ್ತದೆ. ಅದನ್ನು ಚೌಕಾಶಿ ಮಾಡದೆ ಕೊಳ್ಳುತ್ತೇವೆ. ನಮ್ಮ ಚೌಕಾಶಿಯೆಲ್ಲ ಮೆಂತ್ಯಪಲ್ಲೆ ಮಾರುವ ಮುದುಕಿಯ ಮುಂದೆ.

ಎಣ್ಣೆಯ ಕಥೆ ಇದಕ್ಕಿಂತ ನಾಚಿಕೆಗೇಡು. ನಮ್ಮ ಎರೆಹೊಲದಲ್ಲಿ ಬಿಳಿಜೋಳದ ಸುತ್ತ ಕುಸುಬಿಯ ಸಾಲು ಇರುತ್ತಿತ್ತು. ಮುಳ್ಳಿಗೆ ಹೆದರಿ ದನ ಒಳಗೆ ನುಗ್ಗುತ್ತಿರಲಿಲ್ಲ. ಕಾಳು ಊರಿನ ಗಾಣಕ್ಕೆ, ಎಣ್ಣೆ ಮನೆಗೆ, ಹಿಂಡಿ ಎತ್ತಿನ ಮುಂದಕ್ಕೆ. ಒಂದು ಬೆಳೆಯಿಂದ ಬೇಲಿ, ಒಗ್ಗರಣೆ, ಮೇವು ಮೂರೂ ದಕ್ಕುತ್ತಿದ್ದವು, ಹಣ ಓಣಿ ದಾಟುತ್ತಿರಲಿಲ್ಲ. (ಆ ಕಾಲವೆಲ್ಲ ಬಂಗಾರವಾಗಿತ್ತೆಂದು ನಾನು ಹೇಳುವುದಿಲ್ಲ. ದುಡಿಮೆಗೆ ಬದಲಾಗಿ ಕಾಳಿನ ಆಯ ಕೊಡುವ ಕೈಗೂ ಪಡೆಯುವ ಕೈಗೂ ನಡುವೆ ಜಾತಿಯ ಗೋಡೆ ಇತ್ತು. ನಾವು ಕೆಡವಬೇಕಾಗಿದ್ದು ಆ ಗೋಡೆಯನ್ನು. ಅದನ್ನು ಹಾಗೇ ಉಳಿಸಿಕೊಂಡು ಗಾಣವನ್ನು ಕಿತ್ತೆಸೆದೆವು.) ಇಂದು ನಮ್ಮ ಬಾಣಲೆಯಲ್ಲಿ ಕುದಿಯುವುದು ಮಲೇಷ್ಯಾ, ಇಂಡೋನೇಷ್ಯಾದ ತಾಳೆಎಣ್ಣೆ. 2022ರ ಏಪ್ರಿಲಿನಲ್ಲಿ ಇಂಡೋನೇಷ್ಯಾ ಕೆಲವು ವಾರ ರಫ್ತು ನಿಲ್ಲಿಸಿದ್ದಕ್ಕೆ ಬಬಲೇಶ್ವರದಲ್ಲಿ ಮಿರ್ಚಿಭಜಿ ಕರಿಯುವವನು ತಲೆಯ ಮೇಲೆ ಕೈ ಹೊತ್ತು ಕೂರುವ ಗತಿ ತಂದುಕೊಂಡವರು ನಾವು.

ದಾರಿ ಗೊತ್ತಿರಲಿಲ್ಲ ಎನ್ನುವ ನೆಪವೂ ನಮಗಿಲ್ಲ. 1905ರಲ್ಲಿ ಗದುಗಿನ ಕಣಗಿನಹಾಳದ ರೈತರು ಸಹಕಾರಿ ಸಂಘ ಕಟ್ಟಿದರು. 1912ರಲ್ಲಿ, ಬರದ ಹೆಸರಿಂದಲೇ ಗುರುತಾಗಿದ್ದ ಈ ಜಿಲ್ಲೆಯಲ್ಲಿ, ಫ.ಗು. ಹಳಕಟ್ಟಿ ಎಂಬ ವಕೀಲರು ಊರದೇವರ ಹೆಸರಿನಲ್ಲಿ ಸಿದ್ಧೇಶ್ವರ ಬ್ಯಾಂಕ್ ತೆರೆದರು. ಹತ್ತಿ ಬೆಳೆದವರಿಗೂ ನೇಕಾರರಿಗೂ ಸಂಘ ಬೇಕೆಂದು ದುಡಿದರು. ಊರಿನ ಹಣ ಊರಿನವರ ಕೆಲಸಕ್ಕೆ ಒದಗಲಿ ಎಂಬುದನ್ನು ಅವರು ಭಾಷಣದಲ್ಲಿ ಹೇಳಿ ಬಿಡಲಿಲ್ಲ, ಲೆಕ್ಕದ ಪುಸ್ತಕದಲ್ಲಿ ಬರೆದು ತೋರಿಸಿದರು. ನಾವು ಅವರನ್ನು ‘ವಚನ ಪಿತಾಮಹ’ ಎಂದು ಕರೆದು, ಪ್ರತಿ ವರ್ಷ ಜುಲೈ 2ರ ಜಯಂತಿಯಂದು ಹಾರ ಹಾಕಿ, ಕಾಯಕ-ದಾಸೋಹದ ಮೇಲೆ ಗಂಟೆಗಟ್ಟಲೆ ಮಾತಾಡುತ್ತೇವೆ. ಅದೇ ಸಮಾರಂಭದಲ್ಲಿ ಬಹುರಾಷ್ಟ್ರೀಯ ಕಂಪನಿಯ ನೀರಿನ ಬಾಟಲಿ ವೇದಿಕೆಯ ಮೇಲೆ ಸಾಲಾಗಿ ನಿಂತಿರುತ್ತದೆ. ಯಾರಿಗೂ ಮುಜುಗರವಿಲ್ಲ.

2020ರ ಲಾಕ್‌ಡೌನ್ ಇಷ್ಟು ಬೇಗ ಮರೆತುಹೋಯಿತೇ? ಕಟಾವಿಗೆ ಬಂದ ದ್ರಾಕ್ಷಿಗೆ ಗಿರಾಕಿ ಇಲ್ಲದೆ ರೈತ ಕಂಗಾಲಾಗಿದ್ದಾಗ, ದುಡಿಯಲು ಹೋದ ಹುಡುಗರು ಪುಣೆ, ಗೋವಾಗಳಿಂದ ಬರಿಗೈಲಿ ಮರಳಿದಾಗ ಉದ್ರಿ ಕೊಟ್ಟದ್ದು ಓಣಿಯ ಕಿರಾಣಿ ಅಂಗಡಿ. ಹಿಟ್ಟು, ಬೇಳೆ, ಸಾಬೂನು ಎಂದು ಪುಟ ತುಂಬ ಬರೆದಿಟ್ಟು, ಹಣ ಆಮೇಲೆ ಕೊಡಿ ಅಂದವನು ಆ ಅಂಗಡಿಯವನೇ. ಲಾಕ್‌ಡೌನ್ ತೆರವಾದದ್ದೇ ತಡ, ನಾವು ಮೊಬೈಲಿನಲ್ಲಿ ಬೆರಳಾಡಿಸಿ ಅವನ ಅಂಗಡಿಯ ಮುಂದೆಯೇ ಡೆಲಿವರಿ ಹುಡುಗನಿಗೆ ವಿಳಾಸ ಹೇಳತೊಡಗಿದೆವು. ಆ ಹುಡುಗನೂ ನಮ್ಮವನೇ, ಬಹುಶಃ ಡಿಗ್ರಿ ಮುಗಿಸಿದವನು. ‘ಊರಲ್ಲಿ ಏನೈತಿ’ ಎಂದು ನಾವೇ ಅವನಿಗೆ ಚಿಕ್ಕಂದಿನಿಂದ ಕಲಿಸಿದ್ದೆವು. ಅವನು ಚೆನ್ನಾಗಿ ಕಲಿತ.

ಜಾಗತೀಕರಣ, ಸರ್ಕಾರ, ದಲ್ಲಾಳಿ ಎಂದು ಬೈಯಲು ನಮಗೆ ಹೆಸರುಗಳ ಕೊರತೆ ಇಲ್ಲ. ಆದರೆ ಹತ್ತು ರೂಪಾಯಿ ಉಳಿಸಲು ನೆರೆಮನೆಯವನ ಅಂಗಡಿ ಬಿಟ್ಟವರು ನಾವು, ಗಾಣದೆಣ್ಣೆ ದುಬಾರಿ ಎಂದು ಮೂಗು ಮುರಿದು ಸಾವಿರದ ಪಿಜ್ಜಾ ತರಿಸಿದವರು ನಾವು. ಈ ಸಲ ಜುಲೈ 2ರಂದು ಹಳಕಟ್ಟಿಯವರಿಗೆ ಹಾರ ಹಾಕಿ ಮನೆಗೆ ಬಂದವರು ಅಡುಗೆಮನೆಗೆ ಹೋಗಿ, ಎಣ್ಣೆ ಪಾಕೀಟಿನ ಹಿಂಬದಿಯನ್ನು ಮನೆಮಂದಿಗೆ ಕೇಳುವಂತೆ ಗಟ್ಟಿಯಾಗಿ ಓದಲಿ.